ನೂರಕ್ಕೆ ನೂರು ಪಾಸು

ಫೆಬ್ರವರಿ 6

ಅಮ್ಮ,

ಚೆನ್ನಾಗಿದ್ದೀಯಾ ಎಂದು ಕೇಳುವ ಮನಸ್ಸು ಇವತ್ತು ನನಗಿಲ್ಲ. ಫೋನು ಮಾಡಿದರೆ ನಾನು ಎರಡು ಮಾತಾಡುವಷ್ಟರಲ್ಲಿ "ಕ್ಲಾಸಿದೆ, ಆಮೇಲೆ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ನಿಲ್ಲಿಸಲು ಬರುವುದಿಲ್ಲ. ಹರಿದು ಹಾಕುವುದಿದ್ದರೂ ನೀನು ಪೂರ್ತಿ ಓದಿಯೇ ಹರಿಯುತ್ತೀಯ.

ನಮ್ಮ ಆಸ್ಪತ್ರೆಯ ಸರ್ವರ್ ವಿಭಾಗಕ್ಕೆ ಡಿಸೆಂಬರಿನಲ್ಲಿ ಹೊಸಬರೊಬ್ಬರು ಬಂದರು ಎಂದು ಹೇಳಿದ್ದೆನಲ್ಲ. ನನಗಿಂತ ಎಷ್ಟೋ ದೊಡ್ಡವರು. ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದವರು, ಆ ಕೆಲಸ ಹೋದಮೇಲೆ ನಿನ್ನ ತರಬೇತಿ ಕೇಂದ್ರ ಸೇರಿ, ಒಂದೇ ಸರ್ವರಿನೊಳಗೆ ಹಲವು ಯಂತ್ರ ನಡೆಸುವ ವರ್ಚುವಲೈಸೇಷನ್ ಕಲಿತು, ಸರ್ಟಿಫಿಕೇಟು ಹಿಡಿದು ಬಂದವರು. ನೂರಕ್ಕೆ ತೊಂಬತ್ತೇಳು. ಮೊದಲ ದಿನ ಕುರ್ಚಿಯಿಂದ ಎದ್ದು ನಿಂತು, "ನಿಮ್ಮ ತಾಯಿನೇ ನಮಗೆ ಹೇಳಿಕೊಟ್ಟಿದ್ದು" ಎಂದಾಗ ಇಡೀ ವಿಭಾಗದ ಮುಂದೆ ನಾನು ಬೀಗಿದ್ದೆ.

ಕಳೆದ ಮಂಗಳವಾರ ಪ್ರಯೋಗಾಲಯದ ವರ್ಚುವಲ್ ಯಂತ್ರ ಆಮೆಯಂತೆ ತೆವಳುತ್ತಿತ್ತು. ರೋಗಿಗಳ ರಕ್ತ ಪರೀಕ್ಷೆಯ ಫಲಿತಾಂಶವೆಲ್ಲ ಸೇರುವುದು ಅದರೊಳಗೆ. ಹಿಂದಿನ ವಾರ ಅಪ್‌ಡೇಟಿಗೆ ಮೊದಲು ಅದರದ್ದೊಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದೆವು, ಏನಾದರೂ ಕೆಟ್ಟರೆ ಯಂತ್ರವನ್ನು ಆ ಗಳಿಗೆಗೆ ಮರಳಿಸಬಹುದು ಎಂದು. ಏನೂ ಕೆಡಲಿಲ್ಲ. ಇನ್ನು ಅದು ಬರೀ ಹೊರೆ. "ಆ ಸ್ನ್ಯಾಪ್‌ಶಾಟ್ ತೆಗೆದುಬಿಡಿ" ಎಂದು ಹೊಸಬರಿಗೆ ಹೇಳಿ ನಾನು ಮೀಟಿಂಗಿಗೆ ಹೋದೆ. ಪರದೆಯ ಮೇಲೆ ಇದ್ದದ್ದು ಎರಡು ಆಯ್ಕೆ. ಡಿಲೀಟ್ ಒತ್ತಿದರೆ ಆ ಹಳೆಯ ಗುರುತು ಮಾತ್ರ ಹೋಗುತ್ತದೆ, ಇವತ್ತಿನ ಮಾಹಿತಿ ಇದ್ದಲ್ಲೇ ಇರುತ್ತದೆ. ರಿವರ್ಟ್ ಒತ್ತಿದರೆ ಯಂತ್ರ ಹಿಂದಿನ ವಾರಕ್ಕೆ ಹೋಗುತ್ತದೆ, ಆಮೇಲೆ ಬರೆದದ್ದೆಲ್ಲ ಮಾಯ. ಡಿಲೀಟ್ ಎಂಬ ಹೆಸರು ಕಂಡು ಎಲ್ಲವೂ ಅಳಿಸಿಹೋದೀತು ಅಂದುಕೊಂಡರಂತೆ. ರಿವರ್ಟ್ ಒತ್ತಿದರು.

ಬ್ಯಾಕಪ್‌ನಿಂದ ಬಹುಪಾಲು ವಾಪಸು ತಂದೆವು. ಆ ಬೆಳಗಿನದ್ದು ಮಾತ್ರ ಹೋದದ್ದು ಹೋಯಿತು. ಮಕ್ಕಳ ವಾರ್ಡಿಗೆ ವಿಷಯ ತಿಳಿಸಲು ನನ್ನನ್ನು ಕಳಿಸಿದರು. ನರವೇ ಸಿಗದ ಒಂದು ಕೂಸು, ಎರಡೂ ಕೈಗೆ ಹತ್ತಿ ಅಂಟಿಸಿಕೊಂಡು ಅಪ್ಪನ ಹೆಗಲ ಮೇಲೆ ಬಿಕ್ಕುತ್ತಿತ್ತು. ಇನ್ನೊಮ್ಮೆ ರಕ್ತ ಬೇಕು ಎಂದೆ. ಆತ ಕೂಗಾಡಲಿಲ್ಲ ಅಮ್ಮ. "ಬೆಳಿಗ್ಗೆ ತಗೊಂಡ್ರಲ್ಲ, ಅದನ್ನ ಏನ್ ಮಾಡಿದ್ರಿ?" ಎಂದು ಕೇಳಿದ, ಅಷ್ಟೆ. 

ವಿಚಾರಣೆಯಲ್ಲಿ ಹೊಸಬರು ಹೇಳಿದ ಮಾತು ಕೇಳು. "ಆ ಕಟ್ಟಲ್ಲಿ ಈ ಪ್ರಶ್ನೆ ಇರ್ಲಿಲ್ಲ." ಹೊರಗೆ ಕರೆದುಕೊಂಡು ಹೋಗಿ ಕೇಳಿದೆ, ಯಾವ ಕಟ್ಟು? ಸ್ಪೈರಲ್ ಹಾಕಿದ ಕಟ್ಟಂತೆ. ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳೇ, ಒಂದಕ್ಷರ ಆಚೀಚೆ ಇಲ್ಲ, ಉತ್ತರ ಸಮೇತ. "ಮೇಡಮ್ಮೇ ಕೊಡ್ತಾರೆ, ಕೊನೇ ತಿಂಗಳು, ಎಲ್ಲರಿಗೂ" ಎಂದರು. ಅದರಲ್ಲಿ ತಪ್ಪೇನಿದೆ ಎಂಬುದೂ ಅವರಿಗೆ ತಿಳಿದಿರಲಿಲ್ಲ. ನಿನ್ನೆ ಅವರನ್ನು ಕೆಲಸದಿಂದ ತೆಗೆದರು. ಗುರುತಿನ ಚೀಟಿ ಬಿಚ್ಚಿಕೊಡುತ್ತ, "ತೊಂಬತ್ತೇಳು ಬಂದಿತ್ತು. ನನಗೆ ಬರುತ್ತೆ ಅಂತಾನೇ ನಂಬಿದ್ದೆ" ಎಂದರು.

ಹೌದೋ ಅಲ್ಲವೋ? ಅಷ್ಟು ಬರೆದರೆ ಸಾಕು. ಉಪನ್ಯಾಸ ಬೇಡ.

ನಿನ್ನ ಮಗಳು


ಫೆಬ್ರವರಿ 15

ನ್ಯಾಯಾಧೀಶೆ ಮಗಳಿಗೆ,

ಹೌದು.

ಒಂದೇ ಪದ ಕೇಳಿದ್ದೆ, ಕೊಟ್ಟಿದ್ದೇನೆ. ಆದರೆ ಉಪನ್ಯಾಸ ಬೇಡ ಎಂದು ಹೆತ್ತವಳಿಗೆ ಹೇಳುವಷ್ಟು ನಿನ್ನ ನಾಲಗೆ ಉದ್ದವಾದ ಮೇಲೆ ನಾನು ಯಾಕೆ ಬಾಯಿ ಮುಚ್ಚಿಕೊಂಡಿರಲಿ?

ನಿನಗೆ ಗೊತ್ತಿರುವುದು ನಿನ್ನ ಕಾಲದ ಕೇಂದ್ರ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆ, ಯಾರೋ ಬಿಸಾಡಿದ ಸರ್ವರ್‌ಗಳನ್ನು ನಾನು ಹೊತ್ತು ತಂದು ಜೋಡಿಸಿದ ಲ್ಯಾಬು, ಒಬ್ಬೊಬ್ಬರಿಗೂ ಯಂತ್ರ ಬಿಚ್ಚಿ ತೋರಿಸುತ್ತಿದ್ದ ನಾನು. ರಸ್ತೆಯ ಆ ಬದಿಯಲ್ಲಿ ಆಗಲೇ ಶುರುವಾಗಿದ್ದ ಇನ್ನೊಂದು ಕೇಂದ್ರ ಈಗ ಗಾಜಿನ ಕಟ್ಟಡವಾಗಿ ಎದ್ದಿದೆ. ಅದರ ಹಣೆಯ ಮೇಲೆ ಬ್ಯಾನರು: ನೂರಕ್ಕೆ ನೂರು ಪಾಸು! ಅಲ್ಲಿ ಒಂದೇ ಒಂದು ಸರ್ವರ್ ಇಲ್ಲ. ಕುರ್ಚಿ, ಪ್ರಾಜೆಕ್ಟರು, ಆ ಕಟ್ಟು. ಅಷ್ಟೇ.

ನಿನ್ನ ಕಾಲದಲ್ಲೇ ನನ್ನ ಹತ್ತಿರ ಒಬ್ಬಳು ಬರುತ್ತಿದ್ದಳು, ಹೊಲಿಗೆ ಬಿಟ್ಟು ಬಂದವಳು. ಒಂದು ಸರ್ವರ್ ಸತ್ತರೆ ಅದರ ಮೇಲಿನ ಯಂತ್ರಗಳನ್ನೆಲ್ಲ ಇನ್ನೊಂದು ಎತ್ತಿಕೊಳ್ಳುವ ಹಾಗೆ ಕಟ್ಟುವುದಿದೆಯಲ್ಲ, ಅದನ್ನು ಮಾತಾಡುತ್ತ ಮಾತಾಡುತ್ತ ಕಟ್ಟಿಬಿಡುತ್ತಿದ್ದಳು. ಪರೀಕ್ಷೆಯಲ್ಲಿ ಎರಡು ಸಲ ಫೇಲು. ಯಾಕೆ ಗೊತ್ತೇ? ಅವರು ಕೇಳುವುದು ಯಾವ ಆಯ್ಕೆ ಯಾವ ಮೆನುವಿನ ಕೆಳಗಿದೆ ಎಂದು. ಅವಳ ಜೊತೆ ಕಲಿಯುತ್ತಿದ್ದು, ನಮ್ಮನ್ನು ಬಿಟ್ಟು ಎದುರಿನ ಕೇಂದ್ರ ಸೇರಿದವನೊಬ್ಬ ಮೂರನೇ ವಾರಕ್ಕೆ ಪಾಸಾಗಿ, ನನ್ನ ಮೆಟ್ಟಿಲ ಬುಡದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಅವಳು ಮತ್ತೆ ಹೊಲಿಗೆಗೆ ಹೋದಳು. "ನೀವು ಚೆನ್ನಾಗಿ ಹೇಳಿಕೊಟ್ರಿ ಮೇಡಂ, ನನಗೇ ತಲೆ ಇಲ್ಲ" ಎಂದು ಅತ್ತು ಹೋದಳು. ಆ ಗಳಿಗೆ ನೀನು ನನ್ನ ಪಕ್ಕದಲ್ಲಿ ನಿಂತಿರಬೇಕಿತ್ತು, ತಕ್ಕಡಿ ಹಿಡಿದುಕೊಂಡು.

ಕೇಂದ್ರಕ್ಕೆ ನನ್ನ ಜೊತೆ ದುಡ್ಡು ಹಾಕಿದ ಪಾಲುದಾರ ಆ ಕಟ್ಟು ತಂದು ಮೇಜಿನ ಮೇಲೆ ಇಟ್ಟಾಗ, "ಎಲ್ರೂ ಕೊಡೋದನ್ನೇ ನಾವೂ ಕೊಡೋಣ, ನಿಮ್ಮ ಪಾಠ ನೀವು ಮಾಡ್ತಾನೇ ಇರಿ" ಎಂದ. ಪಾಠ ನಾನು ಬಿಟ್ಟಿಲ್ಲ. ಕಟ್ಟು ಕೈಗೆ ಬಂದಮೇಲೆ ಪಾಠ ಕೇಳುವವರು ಇಲ್ಲ, ಅದು ಬೇರೆ ಮಾತು.

ಇನ್ನು ನಿನ್ನ ವಿಷಯ. ಬಹಳ ಎತ್ತರದಲ್ಲಿ ಕೂತು ಮಾತಾಡುತ್ತಿದ್ದೀಯ, ಅದಕ್ಕೇ ಹೇಳುತ್ತೇನೆ. ನಿನ್ನ ಪರೀಕ್ಷೆಯ ಹಿಂದಿನ ವಾರ "ಅಭ್ಯಾಸಕ್ಕೆ" ಎಂದು ಕೆಲವು ಹಾಳೆ ಕೊಟ್ಟಿದ್ದೆ, ನೆನಪಿದೆಯೇ? ವಾಪಸು ಬಂದು ನನ್ನನ್ನು ಅಪ್ಪಿಕೊಂಡು "ಅಮ್ಮಾ, ನೀನು ಕೊಟ್ಟದ್ದೇ ಬಂತು!" ಎಂದು ಕುಣಿದಿದ್ದೆ. ಅವು ಎಲ್ಲಿಂದ ಬಂದವು ಅಂದುಕೊಂಡೆ? ನನಗೇನು ದಿವ್ಯದೃಷ್ಟಿ ಇತ್ತೇ?

ಈಗ ಕೂತು ಯೋಚನೆ ಮಾಡು.

ಅಮ್ಮ


ಮಾರ್ಚ್ 20

ಮಗಳೇ,

ತಿಂಗಳ ಮೇಲಾಯಿತು. ಫೋನು ಎತ್ತುವುದಿಲ್ಲ. ಮೆಸೇಜು ನೋಡುತ್ತೀಯ, ಉತ್ತರ ಕೊಡುವುದಿಲ್ಲ.

ಸಿಟ್ಟಿದ್ದರೆ ಬೈ. ನಿನ್ನಪ್ಪ ಇದ್ದಷ್ಟು ದಿನವೂ ಮೌನದಲ್ಲೇ ನನ್ನನ್ನು ಹುರಿದು ಮುಕ್ಕಿದರು. ಮನೆ ಬಿಟ್ಟು ಹೋಗುವಾಗಲೂ ಒಂದು ಮಾತು ಆಡಲಿಲ್ಲ. ಆ ಆಟ ನೀನು ಕಲಿಯಬೇಡ. ನೀನು ಬಾಯಿ ಮಾಡುವವಳು, ನನ್ನ ಹಾಗೆ. ಬಾಯಿ ಮಾಡು.

ಕೊನೆಯ ಮಾತು ನಾನು ಬರೆಯಬಾರದಿತ್ತೋ ಏನೋ. ಬರೆದಾಗಿದೆ. ಅಂಚೆಗೆ ಹಾಕಿದ್ದನ್ನು ವಾಪಸು ತರಲು ಆಗುವುದಿಲ್ಲ.

ಊಟ ಬಿಟ್ಟು ಕೆಲಸ ಮಾಡಬೇಡ. ನಿನಗೆ ಹೊಟ್ಟೆ ಹಸಿದರೆ ಸಿಟ್ಟು ಜಾಸ್ತಿ.

ಅಮ್ಮ


ಏಪ್ರಿಲ್ 2

ಅಮ್ಮ,

ಬಾಯಿ ಮಾಡು ಎಂದೆಯಲ್ಲ, ಮಾಡುತ್ತೇನೆ.

ನಿನ್ನ ಕಾಗದ ಬಂದ ದಿನ ಕೆಲಸಕ್ಕೆ ಹೋಗಿ ಪರದೆ ಮುಂದೆ ಕೂತೆ. ದಿನಾ ಮಾಡುವ ಕೆಲಸವೇ. ಒಂದು ವರ್ಚುವಲ್ ಯಂತ್ರಕ್ಕೆ ಮೆಮೊರಿ ಸಾಲುತ್ತಿರಲಿಲ್ಲ, ಹೆಚ್ಚಿಸಬೇಕಿತ್ತು. ಕೈ ತಾನಾಗಿ ಹೋಯಿತು. ಹೋದದ್ದೇ ಅನುಮಾನ ಹುಟ್ಟಿತು. ಇದು ನನಗೆ ಗೊತ್ತಿದ್ದದ್ದೋ, ನಿನ್ನ ಹಾಳೆಯಲ್ಲಿದ್ದದ್ದೋ? ಅವತ್ತಿನಿಂದ ಹೀಗೇ. ಏನು ಮುಟ್ಟಿದರೂ ಇದೇ ಪ್ರಶ್ನೆ. ಇಷ್ಟು ವರ್ಷ ನನಗೆ ಬರುತ್ತದೆ ಅಂದುಕೊಂಡಿದ್ದರಲ್ಲಿ ಯಾವುದು ನನ್ನದು, ಯಾವುದು ನೀನು ಬಾಯಿಗೆ ತುರುಕಿದ್ದು ಎಂದು ಬಿಡಿಸಿ ನೋಡಲು ಆಗುತ್ತಿಲ್ಲ. ಹೊಸಬರಿಗೂ ನನಗೂ ಏನು ವ್ಯತ್ಯಾಸ ಹೇಳು. ಅವರು ಸಿಕ್ಕಿಬಿದ್ದರು, ನಾನು ಅವರ ವಿಚಾರಣೆಯಲ್ಲಿ ಕೂತೆ.

ವಿಭಾಗದ ಮುಖ್ಯಸ್ಥೆಗೆ ಹೋಗಿ ಹೇಳಿದೆ. ಆಕೆ ಬಾಗಿಲು ಹಾಕಿ, "ಯಾರಾದ್ರೂ ಕೇಳಿದ್ರಾ? ಇಲ್ವಲ್ಲ? ಮತ್ತೆ ಯಾಕೆ ಮೈಮೇಲೆ ಎಳ್ಕೋತೀಯ?" ಎಂದರು. ಸಿಟ್ಟು ಇನ್ನೂ ನೆತ್ತಿಗೇರಿತು. ಪರೀಕ್ಷೆ ನಡೆಸುವ ಸಂಸ್ಥೆಗೆ ನಾನೇ ಬರೆದೆ. ಅವರು ನನ್ನ ಸರ್ಟಿಫಿಕೇಟು ರದ್ದು ಮಾಡಿದ್ದಾರೆ. ಅಕ್ಟೋಬರಿನವರೆಗೆ ಮತ್ತೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಆಸ್ಪತ್ರೆಯಲ್ಲಿ ನನ್ನ ಪಾಸ್‌ವರ್ಡ್ ಕಿತ್ತುಕೊಂಡರು. ಕೆಟ್ಟ ಡಿಸ್ಕು ಬದಲಿಸುವುದು, ಕೇಬಲ್ಲಿಗೆ ಚೀಟಿ ಅಂಟಿಸುವುದು, ಸದ್ಯಕ್ಕೆ ಅದೇ ನನ್ನ ಕೆಲಸ. ನಾನು ಕೆಲಸ ಕಲಿಸಿದ ಹುಡುಗಿ ಈಗ ನನಗೆ, "ಅಕ್ಕಾ, ಆ ಕೇಬಲ್ ಸ್ವಲ್ಪ ನೋಡ್ತೀರಾ?" ಎನ್ನುತ್ತಾಳೆ.

ಪ್ರಶ್ನೆಗಳು ಎಲ್ಲಿ ಸಿಕ್ಕವು ಎಂದು ಸಂಸ್ಥೆಯವರು ಕೇಳಿದರು. ಬರೆದೆ. ಕೇಂದ್ರದ ಹೆಸರು ಬರೆದೆ. ನಡೆಸುವವರು ನಿಮಗೇನಾಗಬೇಕು ಎಂದು ಕೇಳಿದ್ದಕ್ಕೂ ಬರೆದೆ.

ನನಗೆ ಹೊಟ್ಟೆ ಉರಿಯುವುದು ಕಟ್ಟಿಗಲ್ಲ ಅಮ್ಮ. ಎದುರಿನ ಗಾಜಿನ ಕಟ್ಟಡಕ್ಕೂ ಅಲ್ಲ. ಆ ಪರೀಕ್ಷೆಗೆ ನಾನು ವರ್ಷವಿಡೀ ಓದಿದ್ದೆ. ನಿನ್ನ ಲ್ಯಾಬಿನ ನೆಲದ ಮೇಲೆ ಕೂತು, ಕೈಯೆಲ್ಲ ಗ್ರೀಸು ಮಾಡಿಕೊಂಡು ಕಲಿತಿದ್ದೆ. ಅದನ್ನು ನೀನು ಕಣ್ಣಾರೆ ನೋಡಿದ್ದೆ. ನೋಡಿಯೂ ನಾನು ಪಾಸಾಗುತ್ತೇನೆ ಎಂದು ನೀನು ನಂಬಲಿಲ್ಲ. ಬೇರೆ ಯಾರು ನಂಬದಿದ್ದರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ನಿನ್ನ ಮಗಳು


ಏಪ್ರಿಲ್ 19

ನಿನ್ನೆ ಪರೀಕ್ಷೆ ನಡೆಸುವ ಸಂಸ್ಥೆಯಿಂದ ಇಬ್ಬರು ಬಂದಿದ್ದರು. ಕ್ಲಾಸು ನಡೆಯುತ್ತಿತ್ತು. ವಿದ್ಯಾರ್ಥಿಗಳ ಮುಂದೆಯೇ ಮಾನ್ಯತೆ ರದ್ದಾದ ಆದೇಶ ಓದಿದರು. ಒಬ್ಬ ಕುರ್ಚಿ ಹತ್ತಿ ಗೋಡೆಯ ಮೇಲಿದ್ದ ಪ್ರಮಾಣಪತ್ರ ಇಳಿಸಿದ. ಮೊಳೆ ಬರಲಿಲ್ಲ ಎಂದು ಗಾರೆ ಸಮೇತ ಕಿತ್ತ. ನನ್ನ ಸ್ವಂತ ಸರ್ಟಿಫಿಕೇಟೂ ಹೋಯಿತು. ಸಂಜೆಯೊಳಗೆ ಪಾಲುದಾರ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ರಸ್ತೆ ದಾಟಿದ. ಹೋಗುವಾಗ, "ಮಗಳನ್ನ ಚೆನ್ನಾಗಿ ಬೆಳೆಸಿದೀರಿ" ಎಂದು ನಕ್ಕ.



ಟೆಲಿಫೋನ್ ಕಚೇರಿಯ ಕೆಲಸ ಬಿಟ್ಟು, ನಲವತ್ತರ ಮೇಲೆ ಮೊದಲಿನಿಂದ ಕಲಿತು, ಒಂದೊಂದು ತಂತಿಯನ್ನೂ ಕೈಯಾರೆ ಎಳೆದು ಕಟ್ಟಿದ ಜಾಗ ಅದು. ನೀನು ಹೋಂವರ್ಕ್ ಮಾಡಿದ್ದು ಅಲ್ಲಿ. ಜ್ವರ ಬಂದಾಗ ಮಲಗಿದ್ದು ಅಲ್ಲಿ. ಒಂದು ಮಾತು, ಮೊದಲೇ ಒಂದು ಮಾತು ನನಗೆ ಹೇಳಬಹುದಿತ್ತು. "ಅಮ್ಮ, ಬರೆಯುತ್ತಿದ್ದೇನೆ" ಎನ್ನಬಹುದಿತ್ತು. ನಾನೇ ಬಾಗಿಲು ಮುಚ್ಚುತ್ತಿದ್ದೆ. ಯಾರೋ ಬಂದು ಗೋಡೆ ಕೀಳುವ ಮೊದಲು.

ನಿನ್ನ ನಿಯತ್ತು ನಿನಗಿರಲಿ. ಇನ್ನು ಈ ವಿಳಾಸಕ್ಕೆ ಕಾಗದ ಹಾಕಬೇಡ.

ಕೇಂದ್ರದ ಮಾಜಿ ಮುಖ್ಯಸ್ಥೆ


ಅಕ್ಟೋಬರ್ 28

ಅಮ್ಮ,

ಹಾಕಬೇಡ ಎಂದಿದ್ದೆ. ಹಾಕುತ್ತಿದ್ದೇನೆ. ಓದದಿದ್ದರೆ ನಿನ್ನಿಷ್ಟ.

ನಿಷೇಧ ಮುಗಿಯಿತು, ಮೊನ್ನೆ ಪರೀಕ್ಷೆ ಬರೆದೆ. ಫೇಲಾದೆ.

ಹೇಗೆ ಎಂದು ಹೇಳುತ್ತೇನೆ, ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿಯುತ್ತದೆ. ಈ ಆರು ತಿಂಗಳು ಕೆಲಸ ಮುಗಿಸಿ ಬಂದು ಪುಸ್ತಕ ಹಿಡಿದೆ. ಹಳೆಯ ಕಂಪ್ಯೂಟರಿನಲ್ಲಿ ನನ್ನದೇ ಲ್ಯಾಬು ಕಟ್ಟಿಕೊಂಡೆ. ಪರೀಕ್ಷೆಯ ಕೋಣೆಯಲ್ಲಿ ಗಡಿಯಾರ ಬಿಚ್ಚಿಸಿದರು, ತೋಳು ಮಡಿಸಿ ನೋಡಿದರು, ತಲೆಯ ಮೇಲೆ ಕ್ಯಾಮೆರಾ. ಇಷ್ಟೆಲ್ಲ ಕಾವಲು ಹಾಕಿ ಅವರು ಏನು ಕಾಯುತ್ತಿದ್ದಾರೆ ಎಂದು ನಗು ಬಂತು. ಪಕ್ಕದವನು ಪ್ರಶ್ನೆ ಪೂರ್ತಿ ಓದುತ್ತಲೂ ಇರಲಿಲ್ಲ. ಟಕ್ ಟಕ್ ಎಂದು ಒತ್ತಿ, ನಾನು ಕಾಲುಭಾಗ ಮುಗಿಸುವುದರೊಳಗೆ ಎದ್ದು ಹೋದ. ಹೊರಗೆ ಅವನ ಹೆಸರಿನ ಮುಂದೆ ಪಾಸು ಎಂದಿತ್ತು.

ಪ್ರಶ್ನೆಗಳಲ್ಲಿ ನಾಲ್ಕು ನಿನ್ನ ಹಾಳೆಯವು. ಇಷ್ಟು ವರ್ಷದ ಮೇಲೂ ಬದಲಾಯಿಸಿಲ್ಲ. ನೋಡಿದ ತಕ್ಷಣ ಉತ್ತರ ಕಣ್ಣ ಮುಂದೆ ಬಂತು, ನಿನ್ನ ಕೈಬರಹದಲ್ಲಿ, ಪಕ್ಕದಲ್ಲಿ ನೀನು ಹಾಕಿದ ಕೆಂಪು ಗೆರೆ ಸಮೇತ. ಮೈಯೆಲ್ಲ ಬೆಂಕಿಯಾಯಿತು. ಆ ನಾಲ್ಕನ್ನೂ ಖಾಲಿ ಬಿಟ್ಟೆ. ಬೇಕೆಂದೇ ಬಿಟ್ಟೆ. ಮೂರು ಪ್ರಶ್ನೆಗಳಷ್ಟು ಅಂಕದಿಂದ ಫೇಲಾದೆ.

ವಿಭಾಗದ ಮುಖ್ಯಸ್ಥೆ ಫಲಿತಾಂಶ ನೋಡಿ, "ನಿನಗೆ ಬರಲ್ಲ ಅಂತ ಕೊನೆಗೂ ಗೊತ್ತಾಯ್ತು" ಎನ್ನುವ ಮುಖ ಮಾಡಿದರು.  ನಾನು ಡಿಸ್ಕು ಹಿಡಿದುಕೊಂಡು ಸರ್ವರ್ ಕೋಣೆಗೆ ಹೋದೆ. ಆ ಹೊಲಿಗೆಯವರು ಅತ್ತದ್ದು ಯಾಕೆ ಎಂದು ಅಲ್ಲಿ ನಿಂತಾಗ ತಿಳಿಯಿತು. ಆದರೂ ನೀನು ಮಾಡಿದ್ದು ಸರಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಸಾಯುವವರೆಗೂ ಹೇಳುವುದಿಲ್ಲ.

ಮತ್ತೆ ಕೂರುತ್ತೇನೆ.

ನಿನ್ನ ಮಗಳು, ನೀನು ಬೇಡವೆಂದರೂ


ನವೆಂಬರ್ 5

ಪೆದ್ದಿ,

ಖಾಲಿ ಬಿಟ್ಟಳಂತೆ! ಓದಿ ಆ ಕಾಗದವನ್ನು ಮೇಜಿಗೆ ಕುಟ್ಟಿದೆ. ಕೆಳಗಿನ ಟೈರ್ ಅಂಗಡಿಯವನು ಏನಾಯಿತೆಂದು ಮೇಲೆ ಓಡಿಬಂದ. ಗೊತ್ತಿದ್ದ ಉತ್ತರವನ್ನು ಬರೆಯದೆ ಬರುವ ದಡ್ಡತನ ನಮ್ಮ ವಂಶದಲ್ಲೇ ಇರಲಿಲ್ಲ. ಆ ನಾಲ್ಕು ಯಾವುವು ಎಂದು ನೀನು ಬರೆದಿಲ್ಲ, ಬರೆಯುವುದೂ ಬೇಡ, ನನಗೆ ಗೊತ್ತು. ನಾಲ್ಕೂ ಸ್ಟೋರೇಜಿನವು, ಡಿಸ್ಕು ಜೋಡಿಸುವ ಭಾಗ. ಆ ಭಾಗ ಬಂದಾಗಲೆಲ್ಲ ನೀನು ಆಕಳಿಸುತ್ತಿದ್ದೆ.

ಒಂದು ಮಾತು ಹೇಳಬೇಕಿತ್ತು. ಏಪ್ರಿಲಿನಿಂದ ಗಂಟಲಲ್ಲೇ ಇದೆ. ನಾನು ನಿನ್ನನ್ನು ನಂಬಲಿಲ್ಲ ಎಂದೆಯಲ್ಲ. ಆ ಹೊಲಿಗೆಯವಳು ಎರಡನೇ ಸಲ ಫೇಲಾದದ್ದು ನಿನ್ನ ಪರೀಕ್ಷೆಗೆ ಸ್ವಲ್ಪ ಮೊದಲು. ನಾನು ಕಲಿಸಿದವರಲ್ಲೇ ಅವಳ ಕೈ ಎಲ್ಲರಿಗಿಂತ ಚೆನ್ನಾಗಿತ್ತು. ಅವಳಿಗೇ ಆಗದಿದ್ದರೆ ನನ್ನ ಪಾಠದಿಂದ ಯಾರಿಗೆ ಏನಾದೀತು ಅನ್ನಿಸಿತು. ನಂಬಿಕೆ ಹೋದದ್ದು ನಿನ್ನ ಮೇಲಲ್ಲ. ಇದನ್ನು ಇನ್ನೊಂದು ಸಲ ಹೇಳಿಸಬೇಡ.

ಆಗಸ್ಟಿನಲ್ಲಿ ನಿಮ್ಮ ಹೊಸಬ ಬಂದಿದ್ದ. ಬಾಗಿಲಲ್ಲೇ ನಿಂತು ಬೈದ. "ಫೇಲಾಗಿದ್ರೆ ಮತ್ತೆ ಕಲೀತಿದ್ದೆ. ನನ್ನನ್ನ ಪಾಸು ಮಾಡಿಸಿ ಹಾಳು ಮಾಡಿದ್ರಿ. ನನ್ನ ಮಕ್ಕಳ ಮುಂದೆ ತಲೆ ಎತ್ತೋ ಹಾಗಿಲ್ಲ" ಎಂದ. ನನ್ನ ಬಾಯಿ ನಿನಗೆ ಗೊತ್ತಲ್ಲ, ಯಾರಿಗೂ ಬಿಟ್ಟುಕೊಟ್ಟದ್ದಲ್ಲ. ಅವತ್ತು ಬಾಗಿಲ ಚೌಕಟ್ಟು ಹಿಡಿದುಕೊಂಡು ಪೂರ್ತಿ ಕೇಳಿದೆ. ಬೈದು ಬೈದು ಅವನಿಗೆ ಸುಸ್ತಾಯಿತು. ಕುರ್ಚಿ ಎಳೆದು ಹಾಕಿದೆ. ಕ್ಷಮೆ ಕೇಳಿದೆಯಾ ಎಂದು ನೀನು ಕೇಳಬೇಡ. ಒಂದು ಸರ್ವರ್ ಬಿಚ್ಚಿ ಅವನ ಮುಂದೆ ಇಟ್ಟೆ. ಆವತ್ತಿನಿಂದ ವಾರಕ್ಕೆ ಎರಡು ದಿನ ಬರುತ್ತಿದ್ದಾನೆ.  ಬೇಗ ಕಲಿಯುವವನಲ್ಲ, ಆದರೆ ಕಲಿತದ್ದನ್ನು ಬಿಡುವವನೂ ಅಲ್ಲ.

ಬೋರ್ಡಿಲ್ಲ, ಮಾನ್ಯತೆ ಇಲ್ಲ. ಇರುವುದು ಲ್ಯಾಬು, ಅವನು, ನಾನು.

ರಜ ಹಾಕಿ ಬಾ. ಸ್ಟೋರೇಜ್ ಪೂರ್ತಿ ಕೆಡವಿ ಇಟ್ಟಿದ್ದೇನೆ, ಒಂದು ಡಿಸ್ಕೂ ಇನ್ನೊಂದನ್ನು ಗುರುತಿಸದ ಹಾಗೆ. ನೀನೇ ಮೊದಲಿನಿಂದ ಕಟ್ಟು. ನಾನು ಹಾಳೆ ಕೊಡುವುದಿಲ್ಲ, ಸುಳಿವು ಕೊಡುವುದಿಲ್ಲ, ಪಕ್ಕದಲ್ಲಿ ಕೂತಿರುತ್ತೇನೆ. ಕಟ್ಟಿದಮೇಲೆ ನಾನು ಮತ್ತೆ ಕೆಡವುತ್ತೇನೆ, ನೀನು ಮತ್ತೆ ಕಟ್ಟು. ಆ ನಾಲ್ಕು ಉತ್ತರ ನನ್ನದಲ್ಲ, ನಿನ್ನದು ಎಂದು ನಿನಗೆ ಅನ್ನಿಸುವವರೆಗೆ ನಡೆಯಲಿ. ಆಮೇಲೆ ಯಾರು ಕೇಳಿದರೂ ಧೈರ್ಯವಾಗಿ ಬರೆ. ಜನವರಿಯಲ್ಲಿ ನಾನೂ ಪರೀಕ್ಷೆಗೆ ಕೂರುತ್ತಿದ್ದೇನೆ. ಈ ವಯಸ್ಸಿನಲ್ಲಿ ತೋಳು ಮಡಿಸಿ ತೋರಿಸುವುದೊಂದು ಬಾಕಿ ಇತ್ತು.

ನೀನು ನನ್ನ ಹೆಸರು ಬರೆದುಕೊಟ್ಟದ್ದನ್ನು ನಾನು ಮರೆತಿಲ್ಲ. ನಾನು ಮಾಡಿದ್ದನ್ನು ನೀನೂ ಮರೆತಿಲ್ಲ. ಆ ಜಗಳ ಬಾಕಿಯಿದೆ, ಇಷ್ಟಕ್ಕೆ ಮುಗಿಯಿತು ಅಂದುಕೊಳ್ಳಬೇಡ. ಲ್ಯಾಬಿನಲ್ಲೇ ಆಡೋಣ. ಎಲ್ಲ ಸರ್ವರ್‌ಗಳೂ ಒಟ್ಟಿಗೆ ಚಾಲೂ ಆದರೆ ಫ್ಯಾನುಗಳ ಆರ್ಭಟಕ್ಕೆ ನಾವು ಎಷ್ಟು ಕಿರುಚಿಕೊಂಡರೂ ಹೊರಗೆ ಕೇಳಿಸುವುದಿಲ್ಲ.

ಅಮ್ಮ